ಸೊಲ್ಯೂಷನ್ ಮೂಸಿ ಸತ್ತಾನಾ? ಪೋಸ್ಟ್ ಮಾರ್ಟಮ್‌ನ್ಯಾಗ ಹೆಂಗ ಹಿಡೀತಾರ ನೋಡ್ರಿ

ಪಂಕ್ಚರ್ ಸೊಲ್ಯೂಷನ್, ಪೇಂಟ್ ತಿನ್ನರ್ ಮೂಸಿ ಯಾರರ ಸತ್ತಾರ ಅಂತ ಡೌಟ್ ಬಂದ್ರ ಎಲ್ಲಾರೂ ಕೇಳೋದು ಲ್ಯಾಬಿನ ಮಷಿನ್ ಬಗ್ಗೆ, ಆದ್ರ ಖರೇ ಅಂದ್ರ ಅರ್ಧಾ ಕೇಸು ಬಾಟ್ಲಿ ಮುಚ್ಚಳದಾಗ ಕೆಡ್ತದ. ಇವುಗಳಾಗ ಇರೋ ಟೊಲ್ಯೂಯಿನ್ ಅಂಥಾ ಸಾಲ್ವೆಂಟು (ಬ್ಯಾರೆ ಪದಾರ್ಥ ಕರಗಸೋ ದ್ರವ) ಸಂದಿ ಸಿಕ್ರ ಸಾಕು, ಹಾರಿಹೋಗ್ತದ.

ಮೊದ್ಲು ಪೊಲೀಸರ ಪತ್ರ. ಹಾವೇರಿ, ಗದಗ ಕಡೆ ವಿಷ ಅಂದಕೂಡ್ಲೆ ಹೊಲಕ್ಕ ಹೊಡಿಯೋ ಎಣ್ಣಿನ ತಲ್ಯಾಗ ಬರ್ತದ, ಅದಕ್ಕ ಸಾಲ್ವೆಂಟ್ ಡೌಟ್ ಅದ ಅಂತ ಸ್ಪಷ್ಟ ಬರೀಬೇಕು, ಇಲ್ಲಾಂದ್ರ ಲ್ಯಾಬಿನವ್ರು ಅದನ್ನ ಹುಡುಕೋದ ಇಲ್ಲ. ಹೆಣದ ಹತ್ರ ಸಿಕ್ಕ ಟ್ಯೂಬು, ವಾಸನಿ ಹಿಡದ ಅರಿಬಿ ಬ್ಯಾರೆನ ಪ್ಯಾಕ್ ಮಾಡ್ರಿ, ರಕ್ತದ ಜೋಡಿ ಒಂದ ಡಬ್ಬ್ಯಾಗ ಇಟ್ರ ಅದರ ವಾಸನಿ ಇದಕ್ಕ ಹತ್ತಿ ರಿಪೋರ್ಟ ಹಾಳು.

ಆಮ್ಯಾಲೆ ಡಾಕ್ಟ್ರ ಕೆಲ್ಸ. ತೊಡಿ ರಕ್ತನಾಳದಿಂದ ರಕ್ತ ತಗೊಂಡು ಗಾಜಿನ ಬಾಟ್ಲಿಗೆ ಕಂಠಮಟ ತುಂಬ್ಬೇಕು, ಮ್ಯಾಲೆ ಖಾಲಿ ಜಾಗ ಉಳಿದ್ರ ಸಾಲ್ವೆಂಟು ಆ ಗಾಳಿಗೆ ಸೇರ್ಕೊಂಡು ಮುಚ್ಚಳ ತಗದಾಗ ಹೋಗಿಬಿಡ್ತದ. ಬರೇ ರಬ್ಬರ್ ಬೂಚು ನಡಿಯಂಗಿಲ್ಲ, ಅದ ಹೀರ್ಕೋತದ. ಒಳಗ ಟೆಫ್ಲಾನ್ ಪದರ ಇರಬೇಕು. ಕೊಬ್ಬಿರೋ ಕಡೆ ಸಾಲ್ವೆಂಟು ನಿಲ್ತದ, ಅದಕ್ಕ ಮಿದುಳಿನ ತುಣುಕು ಬೇಕ ಬೇಕು. ಶ್ವಾಸಕೋಶಾನ ನೈಲಾನ್ ಚೀಲದಾಗ ಬಿಗೀತಾರ, ಸಾದಾ ಪ್ಲಾಸ್ಟಿಕ್ ಚೀಲದಿಂದ ಆವಿ ಸೋರ್ತದ. ಕೆಡದಂಗ ಇಡಾಕ ಹಾಕೋ ಫಾರ್ಮಲಿನ್ ಇದಕ್ಕ ಹಾಕಬ್ಯಾಡ್ರಿ, ಫ್ರಿಜ್‌ನ್ಯಾಗ 4 ಡಿಗ್ರಿಗೆ ಇಡ್ರಿ. 2023ರ ಜನವರಿಯಾಗ ಧಾರವಾಡದಾಗ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಅಡಿಗಲ್ಲು ಹಾಕ್ಯಾರಲ್ಲ, ನನ್ನ ಕೇಳಿದ್ರ ಅಲ್ಲಿ ಮೊದಲ್ನೇ ಪಾಠ ಈ ಬೂಚಿಂದ ಆಗ್ಬೇಕು.

ಲ್ಯಾಬಿನ್ಯಾಗ ಕೆಲ್ಸ ಸೀದಾ ಅದ. ಸ್ವಲ್ಪ ರಕ್ತ ಸಣ್ಣ ಸೀಲ್ಡ್ ವಯಲ್‌ಗೆ ಹಾಕಿ ಬಿಸಿ ಮಾಡಿ, ಮ್ಯಾಲೆ ಎದ್ದ ಆವಿ ಅಷ್ಟ ಸೂಜಿಲೆ ಎಳದು ಆವಿಯೊಳಗಿನ ಪದಾರ್ಥ ಬ್ಯಾರೆ ಬ್ಯಾರೆ ಮಾಡೋ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ ಬಿಡ್ತಾರ, ಇದಕ್ಕ ಹೆಡ್‌ಸ್ಪೇಸ್ ಅಂತಾರ. ಮುಂದ ಅಣುವಿನ ತುಣುಕುಗಳ ತೂಕ ನೋಡೋ ಮಾಸ್ ಸ್ಪೆಕ್ಟ್ರೋಮೀಟರ್‌ನ್ಯಾಗ 91, 92ಕ್ಕ ಗೆರಿ ಎದ್ದು, ಮಷಿನ್ನಿಂದ ಹೊರಗ ಬರೋ ಟೈಮಿಂಗೂ ಗೊತ್ತಿರೋ ಸ್ಯಾಂಪಲ್‌ಗೆ ಕೂಡಿದ್ರ ಟೊಲ್ಯೂಯಿನ್.

ಟೊಲ್ಯೂಯಿನ್ ಮೈಯಾಗ ಹಿಪ್ಯುರಿಕ್ ಆಸಿಡ್ ಆಗಿ ಮೂತ್ರದಾಗ ಬರ್ತದ, ಆದ್ರ ಅದು ಸಿಕ್ತು ಅಂತ ಕುಣೀಬ್ಯಾಡ್ರಿ, ಸೋಡಿಯಂ ಬೆಂಜೊಯೇಟ್ ಹಾಕಿದ ಕೂಲ್‌ಡ್ರಿಂಕ್ ಕುಡದ್ರೂ ಅದು ಬರ್ತದ. ಹೆಣ ಕೊಳತ್ರ ಆಲ್ಕೋಹಾಲೂ ತಾನ ಹುಟ್ತದ, ಅದನ್ನ ನೋಡಿ ಕುಡದಿದ್ದ ಅನ್ನಬ್ಯಾಡ್ರಿ. ಪೇಂಟರ್ ಕೆಲ್ಸದವರಿದ್ರ ದಿನಾ ಉಸಿರಾಡಿದ್ದೂ ಸ್ವಲ್ಪ ಇರ್ತದ. ಇನ್ನ ಪ್ರಮಾಣ ಕಡಿಮಿ ಅಂತ ಕೈಬಿಡಂಗೂ ಇಲ್ಲ, ಯಾಕಂದ್ರ ಈ ಸಾಲ್ವೆಂಟು ಹೃದಯಾನ ಹೆದರಿದಾಗ ಮೈಯಾಗ ಏರೋ ಅಡ್ರಿನಲಿನ್‌ಗೆ ಭಾಳ ಸೂಕ್ಷ್ಮ ಮಾಡ್ತಾವ, ಮೂಸಿದವ ಹೆದ್ರಿ ಓಡಿದ್ರ ಬಡಿತ ತಪ್ಪಿ ಅಲ್ಲೇ ಬೀಳಬಹುದು. ಹಂಗಾಗಿ ನಂಬರ್ ಜೋಡಿ ಪಂಚನಾಮಾನೂ ಇಟ್ಕೊಂಡ ಡಾಕ್ಟ್ರು ಸಾವಿನ ಕಾರಣ ಬರೀತಾರ.