‘ನಾಳೆ ರಜೆಯಂತೆ, ಹೌದಾ ಅಣ್ಣಾ?’

ಪರ್ಕಳ ಕಡೆಯ ಮಕ್ಕಳನ್ನು ಉಡುಪಿಯ ಶಾಲೆಗೆ ಬಿಡುವ ವ್ಯಾನ್ ನನ್ನದು. ಜೋರು ಮಳೆ ಹಿಡಿಯಿತೆಂದರೆ ರಾತ್ರಿ ಊಟಕ್ಕೆ ಕೂರುವಾಗಲೇ ಮೊಬೈಲ್ ಸದ್ದು ಶುರು. ‘ಅಣ್ಣಾ, ನಾಳೆ ರಜೆಯಂತೆ, ಹೌದಾ?’ ಜೊತೆಗೆ ಜಿಲ್ಲಾಧಿಕಾರಿಗಳ ಆದೇಶದ ಫೋಟೋ.

ಒಂದು ಮಳೆಗಾಲ ಅಂಥ ಫೋಟೋ ನಂಬಿ ಪೋಷಕರ ವಾಟ್ಸಾಪ್ ಗ್ರೂಪಿಗೆ ನಾನೇ ಹಾಕಿಬಿಟ್ಟೆ. ಮರುದಿನ ಶಾಲೆ ಇತ್ತು, ಟೆಸ್ಟ್ ಕೂಡ ಇತ್ತು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಟೆಸ್ಟ್ ತಪ್ಪಿತೆಂದು ಅತ್ತಳಂತೆ. ಅವಳ ಅಮ್ಮ ಅದನ್ನು ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಸಹಿ, ಮೊಹರು ಎಲ್ಲಾ ಸರಿಯಾಗೇ ಇತ್ತು. ಆದೇಶ ನಿಜವಾದದ್ದೇ, ಹಿಂದಿನ ವರ್ಷದ್ದು. ಇಸವಿ ಇದ್ದ ಮೇಲಿನ ಸಾಲು ಫೋಟೋದಲ್ಲಿ ಕತ್ತರಿಸಿಹೋಗಿತ್ತು.

ಮಳೆಗಾಲದ ಸುಳ್ಳು ಹೆಚ್ಚಾಗಿ ಹೀಗೇ ಹುಟ್ಟುವುದು. ಯಾವತ್ತೋ ನಿಜವಾಗಿದ್ದದ್ದು ತಿರುಗಿ ಬರುತ್ತದೆ. ಅದರಲ್ಲೂ ‘ನಾಳೆ’ ಎಂಬ ಶಬ್ದವಿದ್ದರೆ ನನಗೆ ಜಾಸ್ತಿ ಹೆದರಿಕೆ. ಯಾವ ದಿನ ಓದಿದರೂ ಅದು ಹೊಸದಾಗೇ ಕಾಣುತ್ತದೆ, ಅಲ್ವಾ?

ಈಗ ಮೊದಲು ನೋಡುವುದು ವಾರ. ಇಸವಿ ಇಲ್ಲದಿದ್ದರೂ ತಾರೀಕು, ವಾರ ಎರಡೂ ಇದ್ದರೆ ಸಾಕು. ಜುಲೈ 8 ಎಂಬುದು 2024ರಲ್ಲಿ ಸೋಮವಾರ, 2025ರಲ್ಲಿ ಮಂಗಳವಾರ. ಗೋಡೆಯ ಕ್ಯಾಲೆಂಡರಿಗೆ ತಾಳೆಯಾಗದಿದ್ದರೆ ಅದು ಹಳೇ ಆದೇಶ. ಆಮೇಲೆ ಜಿಲ್ಲೆ ಯಾವುದು, ತಾಲೂಕು ಯಾವುದು ಎಂದು ಓದುತ್ತೇನೆ. ಮಂಗಳೂರಿನ ನೆಂಟರು ಕಳಿಸುವುದು ದಕ್ಷಿಣ ಕನ್ನಡದ ಆದೇಶ. ನಮ್ಮ ಜಿಲ್ಲೆ ಬೇರೆಯಾಗಿದ್ದು 1997ರಲ್ಲೇ, ಇಲ್ಲಿನ ರಜೆ ಇಲ್ಲಿನ ಜಿಲ್ಲಾಧಿಕಾರಿಗಳೇ ಹೇಳಬೇಕು. ಕೆಲವೊಮ್ಮೆ ಬೈಂದೂರು ತಾಲೂಕಿಗೆ ರಜೆ ಇದ್ದು ಉಡುಪಿಗೆ ಇರುವುದಿಲ್ಲ. ರೆಡ್ ಅಲರ್ಟ್ ಎಂದಕೂಡಲೇ ರಜೆ ಎಂದುಕೊಳ್ಳುವವರೂ ಇದ್ದಾರೆ. ಅದು 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರಬಹುದೆಂದು ಹವಾಮಾನ ಇಲಾಖೆ ಕೊಡುವ ಎಚ್ಚರಿಕೆ. ರಜೆ ಬೇರೆಯೇ ತೀರ್ಮಾನ.

ಇಷ್ಟೆಲ್ಲ ಸರಿ ಕಂಡರೂ ಜಿಲ್ಲಾಡಳಿತದ ಪೇಜ್ ತೆರೆದು ನೋಡುತ್ತೇನೆ, ಶಾಲೆಯ ಟೀಚರಿಗೆ ಫೋನ್ ಮಾಡುತ್ತೇನೆ. ರಾತ್ರಿ ಒಂಬತ್ತಾದರೂ ಅವರು ಬೇಸರ ಮಾಡುವುದಿಲ್ಲ.

ವಿಡಿಯೋ ಇನ್ನೂ ಕಷ್ಟ. ಒಮ್ಮೆ ‘ನಮ್ಮೂರಿನ ಸೇತುವೆ ಮುಳುಗಿದೆ’ ಎಂದು ಒಂದು ಬಂತು. ಮೇಲೆ ಎರಡು ಬಾಣದ ಗುರುತು. ಅಂದರೆ ಕೈಯಿಂದ ಕೈಗೆ ಐದು ಸಲವೋ ಜಾಸ್ತಿಯೋ ದಾಟಿ ಬಂದದ್ದು, ಮೊದಲು ತೆಗೆದವರು ಯಾರೆಂದೇ ಗೊತ್ತಿಲ್ಲ. ನಿಲ್ಲಿಸಿ ನಿಲ್ಲಿಸಿ ನೋಡಿದೆ. ನೀರು ನೋಡುವುದನ್ನು ಬಿಟ್ಟು ಸುತ್ತಲಿನದನ್ನು ನೋಡಬೇಕು. ಒಂದು ಅಂಗಡಿಯ ಬೋರ್ಡ್ ಮಲಯಾಳಂನಲ್ಲಿತ್ತು. ನಿಂತಿದ್ದ ಕಾರುಗಳ ನಂಬರ್ ಕೆಎಲ್. ನಮ್ಮಲ್ಲಾದರೆ ಕೆಎ 20 ಒಂದಾದರೂ ಕಾಣಬೇಕಿತ್ತು. ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿದೆ. ಅದೇ ದೃಶ್ಯ ಕೇರಳದ ಹಳೇ ನೆರೆಯ ಸುದ್ದಿಯಲ್ಲಿ ಸಿಕ್ಕಿತು. ಕಳಿಸಿದ ಅಮ್ಮನಿಗೆ ಗ್ರೂಪಿನಲ್ಲಿ ಏನೂ ಹೇಳಲಿಲ್ಲ. ಅವರಿಗೇ ಬೇರೆ ಫೋನ್ ಮಾಡಿ ತಿಳಿಸಿದೆ. ಮಗು ದಾಟುವ ದಾರಿ ಎಂದು ಹೆದರಿ ಕಳಿಸಿದ್ದರು ಪಾಪ. ಅವರೇ ಅದನ್ನು ಅಳಿಸಿದರು.

ರಾತ್ರಿ ಹತ್ತಾದರೂ ಖಚಿತವಾಗದಿದ್ದರೆ ಗ್ರೂಪಿಗೆ ಹಾಕುವುದು ಇಷ್ಟೇ: ‘ವ್ಯಾನ್ ಬರುತ್ತದೆ. ಬದಲಾದರೆ ಬೆಳಿಗ್ಗೆ ಆರೂವರೆಗೆ ಹೇಳುತ್ತೇನೆ.’