ಬಾವಿಗೆ ಯಾರೂ ಇಳಿಯಬಾರದು: ಒಂದು ಯುಜಿಡಿ (ಒಳಚರಂಡಿ) ಪಂಪ್‌ಹೌಸ್ ಡಿಸೈನ್ ಮಾಡಿದ ನನ್ನ ಅನುಭವ

ಕರಾವಳಿಯ ಒಂದು ಸಣ್ಣ ಊರಿಗೆ ಒಳಚರಂಡಿ ಪಂಪಿಂಗ್ ಸ್ಟೇಷನ್ ಡಿಸೈನ್ ಮಾಡುವ ಕೆಲಸ ಬಂದಾಗ, ಜಾಗ ನೋಡುವ ಮೊದಲೇ ಪಕ್ಕದ ಊರಿನ ಹಳೇ ಸ್ಟೇಷನ್ನಿಗೆ ಹೋದೆ. ಎರಡು ಪಂಪಿನಲ್ಲಿ ಒಂದು ನಿಂತಿತ್ತು. ಇಂಪೆಲ್ಲರಿಗೆ (ಪಂಪಿನೊಳಗೆ ತಿರುಗುವ ಚಕ್ರಕ್ಕೆ) ಬಟ್ಟೆ ಸುತ್ತಿಕೊಂಡಿದೆ ಅಂದರು ಆಪರೇಟರ್. ಹಾಗಾದರೆ ಮೇಲೆತ್ತಿ ತೆಗೆಯಬಹುದಲ್ವಾ ಎಂದು ಕೇಳಿದೆ. ಅವರು ಮುಚ್ಚಳ ಸರಿಸಿ ತೋರಿಸಿದರು. ಮುಚ್ಚಳ ಪಂಪಿನ ನೇರ ಮೇಲೆ ಇರಲೇ ಇಲ್ಲ, ಒಂದೂವರೆ ಅಡಿ ಪಕ್ಕಕ್ಕಿತ್ತು. ಚೈನ್ ಎಳೆದರೆ ಪಂಪ್ ಸ್ಲ್ಯಾಬಿನ ಅಡಿಗೆ ಬಂದು ಬಡಿಯುತ್ತದೆ.

"ಎತ್ತಲಿಕ್ಕೆ ಆಗುದಿಲ್ಲ ಸರ್, ಯಾರಾದ್ರೂ ಇಳಿಲೇಬೇಕು" ಅಂದರು.

ಆ ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಊರಿನ ಕೊಳಚೆ ಬಂದು ಸೇರುವ, ಪಂಪುಗಳು ಕೂತಿರುವ ಆ ಬಾವಿಯೊಳಗೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷದ ಗಾಳಿ ಇರುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿ ಆದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಇಳಿದವರು ಅಲ್ಲೇ ಕುಸಿಯುತ್ತಾರೆ, ಎತ್ತಲು ಹೋದವರೂ ಕುಸಿಯುತ್ತಾರೆ. ಸುರಕ್ಷತಾ ಸಾಧನ ಇಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸಿ ಕ್ಲೀನ್ ಮಾಡಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಆದರೆ ಇಳಿಯದೆ ಬೇರೆ ದಾರಿಯೇ ಇಲ್ಲದಂತೆ ಡ್ರಾಯಿಂಗ್ ಬರೆದವರು ನಮ್ಮಂಥ ಎಂಜಿನಿಯರುಗಳೇ. ಅದಕ್ಕೇ ನನ್ನ ನೋಟ್‌ಬುಕ್ಕಿನಲ್ಲಿ ಲೆಕ್ಕಕ್ಕಿಂತ ಮುಂಚೆ ಒಂದು ಸಾಲು ಬರೆದೆ: ಬಾವಿಗೆ ಯಾರೂ ಇಳಿಯಬಾರದು.

ಆಮೇಲೆ ಲೆಕ್ಕ. ಪಂಪು, ಮೋಟರನ್ನು 15 ವರ್ಷಕ್ಕೆ, ಸಿವಿಲ್ ಕೆಲಸವನ್ನು 30 ವರ್ಷಕ್ಕೆ ಹಿಡಿಯುವುದು ನಮ್ಮಲ್ಲಿ ರೂಢಿ. 15 ವರ್ಷದ ನಂತರ ಆ ಭಾಗಕ್ಕೆ 18,000 ಜನ. ದಿನಕ್ಕೆ ತಲಾ 135 ಲೀಟರ್ ನೀರು, ಅದರಲ್ಲಿ ಶೇ. 80 ಚರಂಡಿಗೆ. ಅಂದರೆ ಸರಾಸರಿ ಸೆಕೆಂಡಿಗೆ 22.5 ಲೀಟರ್. ಇಷ್ಟು ಸಣ್ಣ ಊರಿಗೆ ಪೀಕ್ ಫ್ಯಾಕ್ಟರ್ 3, ಅಂದರೆ ಜೋರಾಗಿ ಬರುವ ಹೊತ್ತಿಗೆ ಸರಾಸರಿಯ ಮೂರು ಪಟ್ಟು, ಯಾಕೆಂದರೆ ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಊರಿಗೆ ಊರೇ ಸ್ನಾನಕ್ಕೆ ನಿಲ್ಲುತ್ತದೆ. ಹಾಗೆ ಬಂದಿದ್ದು 67.5 ಲೀಟರ್. ಎರಡು ಪಂಪ್ ಓಡಲಿಕ್ಕೆ, ತಲಾ 34 ಲೀಟರ್, ಅದೇ ಸೈಜಿನ ಇನ್ನೊಂದು ಸ್ಟ್ಯಾಂಡ್‌ಬೈ. ಮೂರೂ ಒಂದೇ ಮಾಡೆಲ್ ಇರಲಿ ಎಂದು ಹಟ ಹಿಡಿದೆ, ಸ್ಪೇರ್ ಒಂದೇ ಸೆಟ್ ಸಾಕಾಗುತ್ತದೆ.

ರೈಸಿಂಗ್ ಮೇನ್, ಅಂದರೆ ಪಂಪ್ ಕೊಳಚೆಯನ್ನು ತಳ್ಳುವ ಪೈಪ್, 1,400 ಮೀಟರ್. ಇಲ್ಲಿ ಸ್ವಲ್ಪ ವಾದ ಆಯಿತು. 300 ಮಿ.ಮೀ. ಪೈಪ್ ಹಾಕಿ, ಫ್ರಿಕ್ಷನ್ ಕಡಿಮೆ, ಕರೆಂಟ್ ಬಿಲ್ ಕಡಿಮೆ ಅಂದರು ಪರಿಶೀಲನೆ ಮಾಡುತ್ತಿದ್ದ ಹಿರಿಯರು. ಮಾತು ಸುಳ್ಳಲ್ಲ. 300ರಲ್ಲಿ ಕಿಲೋಮೀಟರಿಗೆ 2.7 ಮೀಟರ್ ಹೆಡ್ (ನೀರನ್ನು ತಳ್ಳುವ ಒತ್ತಡ, ಎತ್ತರದ ಲೆಕ್ಕದಲ್ಲಿ) ಹೋದರೆ 250ರಲ್ಲಿ 6.6 ಮೀಟರ್ ಹೋಗುತ್ತದೆ. ಆದರೆ ದಿನದ ಹೆಚ್ಚು ಹೊತ್ತು ಓಡುವುದು ಒಂದೇ ಪಂಪ್. ಆಗ 300ರ ಪೈಪಿನಲ್ಲಿ ವೇಗ ಸೆಕೆಂಡಿಗೆ ಅರ್ಧ ಮೀಟರ್ ಅಷ್ಟೇ, ಮರಳೆಲ್ಲ ತಗ್ಗಿನಲ್ಲಿ ಕೂರುತ್ತದೆ. 250ರಲ್ಲಿ ಒಂದೇ ಪಂಪಿಗೂ 0.8 ಮೀಟರ್ ದಾಟುತ್ತದೆ. 250ನ್ನೇ ಹಾಕಿದೆವು. ಇನ್ನೊಂದು ವಿಷಯ, ಒಂದೇ ಪಂಪ್ ಓಡುವಾಗ ಹೆಡ್ ಇಳಿದು ಅದು 34ರ ಬದಲು 42 ಲೀಟರ್ ಹತ್ತಿರ ತಳ್ಳುತ್ತದೆ. ಆ ಜಾಗದಲ್ಲೂ ಮೋಟರ್ ಓವರ್‌ಲೋಡ್ ಆಗಬಾರದು. ಕ್ಯಾಟಲಾಗಿನ ಟೇಬಲ್ ಮಾತ್ರ ನೋಡಿದರೆ ಇದು ಕಾಣುವುದಿಲ್ಲ, ಪಂಪಿನ ಕರ್ವ್ (ಎಷ್ಟು ಹೆಡ್‌ಗೆ ಎಷ್ಟು ನೀರು ತಳ್ಳುತ್ತದೆ ಎಂದು ತೋರಿಸುವ ಗೆರೆ) ಮೇಲೆ ಪೆನ್ಸಿಲ್ ಇಟ್ಟು ನೋಡಬೇಕು.

ಬಾವಿ ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ತುಂಬಾ ಜನ ನಂಬಿದ್ದಾರೆ. ಕುಡಿಯುವ ನೀರಿನ ಸಂಪಿಗೆ ಆ ಮಾತು ಸರಿ, ಕೊಳಚೆಗೆ ತಪ್ಪು. ಗಂಟೆಗೆ ಆರು ಸಲಕ್ಕಿಂತ ಜಾಸ್ತಿ ಮೋಟರ್ ಸ್ಟಾರ್ಟ್ ಆಗಬಾರದು ಎಂದು ಹಿಡಿದೆ, ಅಂದರೆ ಒಂದು ಸುತ್ತಿಗೆ 600 ಸೆಕೆಂಡ್. ಸೂತ್ರದ ಪ್ರಕಾರ ಅದನ್ನು 42ರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ 6,300 ಲೀಟರ್, ಪಂಪ್ ಆನ್ ಆಗುವ ಮತ್ತು ಆಫ್ ಆಗುವ ಮಟ್ಟದ ನಡುವೆ ಇಷ್ಟು ಜಾಗ ಸಾಕು. 4 ಮೀಟರ್ ವ್ಯಾಸದ ಬಾವಿಯಲ್ಲಿ ಆನ್ ಮತ್ತು ಆಫ್ ಮಟ್ಟದ ನಡುವೆ ಬರೀ ಅರ್ಧ ಮೀಟರ್ ಎತ್ತರ. ಮನೆಗಳ ಕನೆಕ್ಷನ್ ನಿಧಾನವಾಗಿ ಬರುತ್ತದೆ, ಶುರುವಿನ ವರ್ಷ ಸೆಕೆಂಡಿಗೆ 4 ಲೀಟರ್ ಬಂದರೆ ಹೆಚ್ಚು. ಆಗ ಅಷ್ಟು ತುಂಬಲು 26 ನಿಮಿಷ ಬೇಕು. ಅದೇ 6 ಮೀಟರ್ ಬಾವಿ ಮಾಡಿದ್ದರೆ ಹತ್ತಿರ ಹತ್ತಿರ ಒಂದು ಗಂಟೆ. ಕೊಳಚೆ ಅಷ್ಟು ಹೊತ್ತು ನಿಂತರೆ ಕೊಳೆಯುತ್ತದೆ, ಆ ವಿಷದ ಗಾಳಿ ಹುಟ್ಟುವುದು ಅಲ್ಲೇ.

ಜಾಗ ಇದ್ದದ್ದು ಬೈಲು ಗದ್ದೆಯ ಅಂಚಿನಲ್ಲಿ. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ, ನೀರು ಎಲ್ಲಿವರೆಗೆ ಬಂದಿತ್ತು ಅಜ್ಜಿ ಅಂತ. ಅವರು ಹಟ್ಟಿಯ ಎರಡನೇ ಮೆಟ್ಟಿಲ ಮೇಲೆ ಕಾಲಿಟ್ಟು "ಇಲ್ಲಿವರೆಗೆ ಬಂದಿತ್ತು ಮಗಾ" ಅಂದರು. ಲೆವೆಲ್ ಮೆಷಿನ್ ಇಟ್ಟು ಆ ಮೆಟ್ಟಿಲಿನ ಮಟ್ಟ ತೆಗೆದೆ. ಪ್ಯಾನಲ್ ಬೋರ್ಡ್, ಜನರೇಟರ್, ಬಾವಿಯ ಮುಚ್ಚಳ ಎಲ್ಲವನ್ನೂ ಅದಕ್ಕಿಂತ ಮುಕ್ಕಾಲು ಮೀಟರ್ ಮೇಲಿಟ್ಟೆ.

ನೆಲದಡಿಯ ನೀರೂ ಸುಮ್ನೆ ಬಿಡುವುದಿಲ್ಲ. ಮಳೆಗಾಲದಲ್ಲಿ ಅದು ನೆಲದ ಮಟ್ಟಕ್ಕೇ ಬರುತ್ತದೆ, ಖಾಲಿ ಬಾವಿ ದೋಣಿಯ ಹಾಗೆ ತೇಲಲು ನೋಡುತ್ತದೆ. ಹೊರಗಿನ ವ್ಯಾಸ 4.6 ಮೀಟರ್, ನೆಲದೊಳಗಿನ ಆಳ 7.6 ಮೀಟರ್, ಎತ್ತುವ ಬಲ ಸುಮಾರು 126 ಟನ್. ಕಾಂಕ್ರೀಟಿನ ತೂಕ 104 ಟನ್. ಬೇರೆ ಊರಿನ ಡ್ರಾಯಿಂಗ್ ಹಾಗೇ ತಂದು ಇಲ್ಲಿ ಕಟ್ಟಿದ್ದರೆ ಮೊದಲ ಆಟಿ ತಿಂಗಳ ಮಳೆಯಲ್ಲೇ ಬಾವಿ ಮೇಲೆದ್ದು ಪೈಪುಗಳನ್ನೆಲ್ಲ ಮುರಿದುಬಿಡುತ್ತಿತ್ತು. ತಳದ ಸ್ಲ್ಯಾಬನ್ನು ಸುತ್ತಲೂ 60 ಸೆಂ.ಮೀ. ಹೊರಗೆ ಚಾಚಿಸಿದೆ. ಅದರ ಮೇಲೆ ಕೂರುವ ಮಣ್ಣಿನ ಭಾರವೂ ಸೇರಿ ತೂಕ 175 ಟನ್ ಹತ್ತಿರ ಬಂತು. ಆದರೆ ಆ ಮಣ್ಣು ತುಂಬುವವರೆಗೆ ಅಪಾಯ ಇದ್ದೇ ಇದೆ. ಅದಕ್ಕೆ ಡ್ರಾಯಿಂಗ್ ಮೇಲೇ ದೊಡ್ಡದಾಗಿ ಬರೆಸಿದೆ: ಮಣ್ಣು ತುಂಬುವ ಮುಂಚೆ ಮಳೆ ಹಿಡಿದರೆ ಬಾವಿಗೆ ನೀರು ತುಂಬಿಸಿಡಿ.

ಇನ್ನು ಆ ಮೊದಲನೇ ಸಾಲು. ಮೂರು ಪಂಪಿಗೆ ಮೂರು ಬೇರೆ ಮುಚ್ಚಳ, ಪ್ರತಿಯೊಂದೂ ಪಂಪಿನ ನೇರ ಮೇಲೆ. ಪಂಪ್ ಗೈಡ್ ರೈಲ್ ಮೇಲೆ ಜಾರಿ ಇಳಿದು ತಾನೇ ಪೈಪಿಗೆ ಕೂತುಕೊಳ್ಳುತ್ತದೆ, ಕೆಳಗೆ ಬೋಲ್ಟ್ ಬಿಗಿಯುವ ಕೆಲಸವೇ ಇಲ್ಲ. ಮೇಲೆ ಚೈನ್ ಬ್ಲಾಕ್ ಓಡುವ ಬೀಮ್, ಅದು ಗೇಟಿನ ಹತ್ತಿರದವರೆಗೂ ಬರುತ್ತದೆ, ಪಂಪನ್ನು ನೇರ ಗಾಡಿಗೆ ಇಳಿಸಬಹುದು. ಕಸ ಹಿಡಿಯುವ ಜಾಲರಿ ಬುಟ್ಟಿಯೂ ಮೇಲಿಂದಲೇ ಎತ್ತುವಂಥದ್ದು. ವಾಲ್ವುಗಳೆಲ್ಲ ಹೊರಗೆ, ಮೊಣಕಾಲೆತ್ತರದ ಬೇರೆ ತೊಟ್ಟಿಯಲ್ಲಿ. ಬಾವಿಯ ತಳದ ಅಂಚಿಗೆ ಸುತ್ತಲೂ ಇಳಿಜಾರು ಕೊಟ್ಟು ಕೆಸರು ಪಂಪಿನ ಬಾಯಿಗೇ ಜಾರುವ ಹಾಗೆ ಮಾಡಿದೆವು. ಒಳಗೆ ಏಣಿ ಹಾಕಲೇ ಇಲ್ಲ. ಏಣಿ ಬೇಕಲ್ವಾ ಎಂದು ಒಬ್ಬರಲ್ಲ, ನಾಲ್ಕು ಜನ ಕೇಳಿದರು. ಏಣಿ ಇದ್ದರೆ ಅರ್ಧ ರಾತ್ರಿಯಲ್ಲಿ ಯಾರಾದರೂ ಇಳಿದೇ ಇಳಿಯುತ್ತಾರೆ ಎಂದು ಹೇಳಿದೆ.

ಸ್ಟೇಷನ್ ಶುರುವಾಗಿ ಎರಡನೇ ಮಳೆಗಾಲ, ರಾತ್ರಿ ಹನ್ನೊಂದಕ್ಕೆ ಆಪರೇಟರ್ ಫೋನ್ ಮಾಡಿದರು. ಎರಡನೇ ಪಂಪಿಗೆ ಟವೆಲ್ ಸಿಕ್ಕಿಹಾಕಿಕೊಂಡಿತ್ತಂತೆ. ಅವರೂ ಹೆಲ್ಪರೂ ಸೇರಿ ಪಂಪ್ ಎತ್ತಿ, ಬಿಡಿಸಿ, ವಾಪಸ್ ಇಳಿಸಿ ಆಗಿತ್ತು, ಒಟ್ಟು 40 ನಿಮಿಷ. "ಕೆಲಸ ಆಯ್ತು ಸರ್, ಆದ್ರೆ ಚೈನ್ ಪೂರ್ತಿ ತುಕ್ಕು ಹಿಡಿದಿದೆ, ಸ್ಟೀಲಿಂದು ಹಾಕಿಸಿ" ಅಂದರು. ವಾರದೊಳಗೆ ಮೂರಕ್ಕೂ ಸ್ಟೈನ್‌ಲೆಸ್ ಸ್ಟೀಲ್ ಚೈನ್ ಹಾಕಿಸಿದೆವು. ಈಗ ನನ್ನ ಪ್ರತಿ ಡ್ರಾಯಿಂಗಿನಲ್ಲೂ ಅದು ಇರುತ್ತದೆ.