ಸನ್‌ಸ್ಕ್ರೀನ್: ನಂಬರಿಗಿಂತ ತೂಕ ಮುಖ್ಯ

ಮೆಡಿಕಲ್ ಶಾಪಿನಲ್ಲಿ ಸನ್‌ಸ್ಕ್ರೀನ್ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಎಸ್‌ಪಿಎಫ್ ಸಂಖ್ಯೆಯ ಮೇಲೆ. 30ಕ್ಕಿಂತ 50 ಮೇಲು, 50ಕ್ಕಿಂತ 70 ಇನ್ನೂ ಮೇಲು ಎಂಬುದು ಎಲ್ಲರ ಲೆಕ್ಕ. ಮನೆಗೆ ತಂದ ಮೇಲೆ ಹಿಂಡಿಕೊಳ್ಳುವುದು ಮಾತ್ರ ಕಡಲೆಕಾಳಿನಷ್ಟು. ಹಣ ಕೊಟ್ಟದ್ದು 50ಕ್ಕೆ, ಮುಖದ ಮೇಲೆ ಉಳಿಯುವುದು ಅದರ ಒಂದು ಪಾಲು.

ಆ ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಇದು ಅರ್ಥವಾಗುತ್ತದೆ. ಪ್ರಯೋಗಾಲಯದಲ್ಲಿ ಸ್ವಯಂಸೇವಕರ ಬೆನ್ನಿನ ಮೇಲೆ ಪ್ರತಿ ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ ಹಚ್ಚುತ್ತಾರೆ. ಅದು ಒಣಗಿದ ಮೇಲೆ ಬಿಸಿಲನ್ನು ಹೋಲುವ ಝೆನಾನ್ ದೀಪದ ಕಿರಣ ಹಾಯಿಸುತ್ತಾರೆ. ಪಕ್ಕದಲ್ಲೇ ಏನೂ ಹಚ್ಚದ ಚರ್ಮಕ್ಕೂ ಅದೇ ಕಿರಣ. ಚರ್ಮ ಕೆಂಪಾಯಿತೇ ಎಂದು ಮರುದಿನ ನೋಡುತ್ತಾರೆ. ಬರಿಯ ಚರ್ಮ ಕೆಂಪಾಗಲು ಬೇಕಾದ ಕಿರಣಕ್ಕಿಂತ ಹಚ್ಚಿದ ಚರ್ಮಕ್ಕೆ ಎಷ್ಟು ಪಟ್ಟು ಹೆಚ್ಚು ಬೇಕಾಯಿತೋ ಅದೇ ಎಸ್‌ಪಿಎಫ್. ಅಂದರೆ 2 ಮಿಲಿಗ್ರಾಂ ಹಚ್ಚಿದವರಿಗೆ ಮಾತ್ರ ಅದು 50. ಅರ್ಧ ಹಚ್ಚಿದರೆ ರಕ್ಷಣೆ ಅರ್ಧಕ್ಕೆ, ಕೆಲವು ಕ್ರೀಮ್‌ಗಳಲ್ಲಿ ಅದಕ್ಕೂ ಕೆಳಗೆ ಇಳಿಯುತ್ತದೆ.

ನ್ಯಾಂಬೂರಿನ ಬಾಟಲಿಗಳು

ಸನ್‌ಸ್ಕ್ರೀನ್ ಬಗ್ಗೆ ಇರುವ ಅತ್ಯಂತ ಗಟ್ಟಿ ಪುರಾವೆ ಬಂದದ್ದು ದೊಡ್ಡ ನಗರದ ಪ್ರಯೋಗಾಲಯದಿಂದಲ್ಲ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನ್ಯಾಂಬೂರ್ ಎಂಬ ಸಣ್ಣ ಪಟ್ಟಣದಿಂದ. ಸಂಶೋಧಕಿ ಅಡೆಲ್ ಗ್ರೀನ್ ನೇತೃತ್ವದ ತಂಡ 1992ರಲ್ಲಿ ಅಲ್ಲಿನ 1,621 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. ಒಂದು ಗುಂಪು ದಿನಾ ಬೆಳಿಗ್ಗೆ ತಲೆ, ಕುತ್ತಿಗೆ, ತೋಳು, ಕೈಗಳಿಗೆ ಎಸ್‌ಪಿಎಫ್ 16ರ ಸನ್‌ಸ್ಕ್ರೀನ್ ಹಚ್ಚಬೇಕು. ಇನ್ನೊಂದು ಗುಂಪು ತನ್ನ ಎಂದಿನ ರೂಢಿಯಲ್ಲೇ ಇರಬಹುದು. 1996ರವರೆಗೆ ಇದು ನಡೆಯಿತು. ದಿನಾ ಹಚ್ಚಿದವರಲ್ಲಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಗಡ್ಡೆಗಳು ಸುಮಾರು ಶೇ 40ರಷ್ಟು ಕಡಿಮೆ ಕಂಡವು. ಚರ್ಮದ ಇನ್ನೊಂದು ಬಗೆಯ ಕ್ಯಾನ್ಸರ್ ಆದ ಬೇಸಲ್ ಸೆಲ್ ಕಾರ್ಸಿನೋಮದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಮುಗಿದು ಹತ್ತು ವರ್ಷವಾದಾಗ, ಚರ್ಮದ ಕ್ಯಾನ್ಸರಿನಲ್ಲೇ ಹೆಚ್ಚು ಅಪಾಯಕಾರಿಯಾದ ಮೆಲನೋಮದ ಲೆಕ್ಕ ಹಾಕಿದರು: ದಿನಾ ಹಚ್ಚಿದ ಗುಂಪಿನಲ್ಲಿ 11, ಇನ್ನೊಂದರಲ್ಲಿ 22. ಕೈಯ ಹಿಂಬದಿಯ ಚರ್ಮಕ್ಕೆ ಸಿಲಿಕೋನ್ ಅಚ್ಚು ಒತ್ತಿ, ಆ ಅಚ್ಚಿನಲ್ಲಿ ಮೂಡಿದ ಗೆರೆಗಳನ್ನು ನೋಡಿ ಚರ್ಮ ಎಷ್ಟು ಮುಪ್ಪಾಗಿದೆ ಎಂದೂ ಅಳೆದರು. 55 ವರ್ಷದೊಳಗಿನವರಲ್ಲಿ, ದಿನಾ ಹಚ್ಚಿದವರ ಚರ್ಮದ ಮುಪ್ಪು ಶೇ 24ರಷ್ಟು ಕಡಿಮೆ.

ಮುಖ್ಯ ಸಂಗತಿ ಇರುವುದು ಬಾಟಲಿಗಳಲ್ಲಿ. ಭಾಗವಹಿಸಿದವರು "ಹಚ್ಚುತ್ತಿದ್ದೇವೆ" ಎಂದರೆ ಸಾಲದು ಎಂದು ಸಂಶೋಧಕರು ವಾಪಸ್ ಬಂದ ಬಾಟಲಿಗಳನ್ನು ತೂಗುತ್ತಿದ್ದರು. ದಿನಕ್ಕೆ ಬಳಕೆಯಾಗುತ್ತಿದ್ದುದು ಮಧ್ಯಮ ಲೆಕ್ಕದಲ್ಲಿ 1.5 ಗ್ರಾಂ, ಚರ್ಮದ ಮೇಲಿನ ಪದರ ಚದರ ಸೆಂಟಿಮೀಟರ್‌ಗೆ 0.79 ಮಿಲಿಗ್ರಾಂ. ಎಂದರೆ ಪ್ರಯೋಗಾಲಯದ ಅಳತೆಯ ಅರ್ಧಕ್ಕೂ ಕಡಿಮೆ. ಇಂದಿನ ಅಂಗಡಿಗಳಲ್ಲಿ ಯಾರೂ ಮೂಸಿ ನೋಡದ ಎಸ್‌ಪಿಎಫ್ 16, ಅದೂ ತೆಳ್ಳಗೆ, ಆದರೆ ತಪ್ಪದೆ ದಿನವೂ. ಅಷ್ಟಕ್ಕೇ ಈ ಫಲ.

ಒಂದು ಎಚ್ಚರಿಕೆ. ನ್ಯಾಂಬೂರಿನವರು ಬಹುಪಾಲು ಬಿಳಿ ಚರ್ಮದವರು. ಕ್ಯಾನ್ಸರಿನ ಆ ಅಂಕಿಗಳನ್ನು ಎತ್ತಿ ತಂದು ಹಾವೇರಿಯವರಿಗೋ ಹಾಸನದವರಿಗೋ ಅಂಟಿಸುವುದು ತಪ್ಪು. ನಮ್ಮ ಚರ್ಮದ ಮೆಲನಿನ್ ತಾನೇ ಸ್ವಲ್ಪ ಮಟ್ಟಿಗೆ ತಡೆ. ನಮಗೆ ಸನ್‌ಸ್ಕ್ರೀನ್ ಬೇಕಾಗುವುದು ಹೆಚ್ಚಾಗಿ ಬಂಗು, ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಕಲೆ, ಬಿಸಿಲಿನ ಅಲರ್ಜಿ, ತೊನ್ನು, ಲೂಪಸ್ ಇಂಥವಕ್ಕೆ.

ಟ್ಯೂಬ್ ಆರಿಸುವುದು

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಿಸಿಲಿನ ಅತಿನೇರಳೆ (ಯುವಿ) ಕಿರಣಗಳಲ್ಲಿ ಚರ್ಮ ಸುಡುವ ಯುವಿಬಿ ಕಿರಣವನ್ನು ಎಸ್‌ಪಿಎಫ್ 15 ಶೇ 93ರಷ್ಟು, 30 ಶೇ 97ರಷ್ಟು, 50 ಶೇ 98ರಷ್ಟು ತಡೆಯುತ್ತದೆ. 30ರಿಂದ 50ರ ನಡುವೆ ಯಾವುದಾದರೂ ಸರಿ. ಕಪ್ಪು ಕಲೆಗೆ ಹೆಚ್ಚು ಸಂಬಂಧವಿರುವುದು ಯುವಿಎ ಕಿರಣಕ್ಕೆ. ಅದಕ್ಕೆ ತಡೆ ಎಷ್ಟಿದೆ ಎಂಬ ಸುಳಿವು ಕೊಡುವುದು ಟ್ಯೂಬಿನ ಮೇಲಿನ ಪಿಎ (PA) ಗುರುತು. ಪಿಎ ಪಕ್ಕದಲ್ಲಿ ಮೂರು ಕೂಡು ಚಿಹ್ನೆಗಳಾದರೂ ಇರಲಿ. ಬಂಗು ಇರುವವರಿಗೆ ಬರಿಯ ಯುವಿ ತಡೆ ಸಾಲದು. ಕಣ್ಣಿಗೆ ಕಾಣುವ ಬೆಳಕು ಕೂಡ ನಮ್ಮಂಥ ಕಂದು ಚರ್ಮದಲ್ಲಿ ಬಂಗನ್ನು ಗಾಢ ಮಾಡುತ್ತದೆ. ಅದನ್ನು ತಡೆಯುವುದು ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ 'ಟಿಂಟೆಡ್' ಸನ್‌ಸ್ಕ್ರೀನ್. ಬಿಳಿಯ ಕ್ರೀಮ್ ತಿಂಗಳುಗಟ್ಟಲೆ ಹಚ್ಚಿಯೂ ಬಂಗು ಇಳಿಯಲಿಲ್ಲ ಎನ್ನುವವರು ಟ್ಯೂಬಿನ ಹಿಂಬದಿಯ ಪಟ್ಟಿಯಲ್ಲಿ ಈ ಹೆಸರು ಇದೆಯೇ ನೋಡಲಿ.

ಮೊಡವೆ ಇದ್ದರೆ ಜೆಲ್ ಅಥವಾ ತೆಳು ಲೋಷನ್, ಒಣ ಚರ್ಮಕ್ಕೆ ಕ್ರೀಮ್. ಆರು ತಿಂಗಳೊಳಗಿನ ಕೂಸಿಗೆ ಯಾವುದೂ ಬೇಡ. ಕುಲಾವಿ, ಬಟ್ಟೆ, ನೆರಳು ಸಾಕು. ಕೊಬ್ಬರಿ ಎಣ್ಣೆ ಸನ್‌ಸ್ಕ್ರೀನ್ ಅಲ್ಲ. ಬಿಸಿಲಿಗೆ ಕಪ್ಪಾಯಿತೆಂದು ನಿಂಬೆರಸ ತಿಕ್ಕಿಕೊಂಡು ಮತ್ತೆ ಬಿಸಿಲಿಗೆ ಹೋಗುವುದಂತೂ ಅಪಾಯವೇ ಸರಿ: ನಿಂಬೆಯಲ್ಲಿರುವ ಫ್ಯೂರೋಕೂಮರಿನ್ ಯುವಿಎ ಜೊತೆ ಸೇರಿ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ, ಆ ಕಲೆ ಮಾಯಲು ತಿಂಗಳುಗಳೇ ಬೇಕು.

ಅಳತೆ

ಮುಖ, ಕಿವಿ, ಕುತ್ತಿಗೆ ಸುತ್ತ ಸೇರಿ ಅರ್ಧ ಟೀ ಚಮಚ, ಅಂದರೆ 2.5 ಮಿ.ಲೀ. ಒಂದೊಂದು ತೋಳಿಗೂ ಇಷ್ಟೇ. ಒಂದೊಂದು ಕಾಲಿಗೆ, ಎದೆ-ಹೊಟ್ಟೆಗೆ, ಬೆನ್ನಿಗೆ ಒಂದೊಂದು ಪೂರ್ತಿ ಚಮಚ. ಮನೆಯಲ್ಲಿ ಬಿದ್ದಿರುವ ಸಿರಪ್ ಬಾಟಲಿಯ ಅಳತೆ ಮುಚ್ಚಳದಲ್ಲಿ 2.5ರ ಗೆರೆಯವರೆಗೆ ಒಮ್ಮೆ ತುಂಬಿ ನೋಡಿ. ಬಹಳ ಜನರಿಗೆ "ಇಷ್ಟೊಂದಾ?" ಅನಿಸುತ್ತದೆ. ಒಮ್ಮೆ ನೋಡಿಕೊಂಡರೆ ಆಮೇಲೆ ಕಣ್ಣಳತೆಯೇ ಸಾಕು. ತೋರುಬೆರಳು ಮತ್ತು ಮಧ್ಯದ ಬೆರಳಿನ ಉದ್ದಕ್ಕೂ ಎಳೆದ ಎರಡು ಗೆರೆ ಎಂಬ ಚರ್ಮವೈದ್ಯರ ಲೆಕ್ಕ ಇದಕ್ಕೆ ಹತ್ತಿರ.

ಈಗ ನ್ಯಾಂಬೂರಿನ ಸಂಶೋಧಕರು ಮಾಡಿದ್ದನ್ನು ಮನೆಯಲ್ಲೇ ಮಾಡಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಟ್ಯೂಬನ್ನು ಮುಚ್ಚಳ ಸಮೇತ ತೂಗಿ, ತೂಕ ಮತ್ತು ತಾರೀಕನ್ನು ಪ್ಲಾಸ್ಟರ್ ಪಟ್ಟಿಯ ಮೇಲೆ ಬರೆದು ಟ್ಯೂಬಿಗೇ ಅಂಟಿಸಿ. ಏಳು ದಿನ ಎಂದಿನಂತೆ ಬಳಸಿ ಮತ್ತೆ ತೂಗಿ. ಮುಖ-ಕುತ್ತಿಗೆಗೆ ದಿನಕ್ಕೊಮ್ಮೆ ಸರಿಯಾಗಿ ಹಚ್ಚಿದ್ದರೆ 17 ಗ್ರಾಂ ಆಸುಪಾಸು ಇಳಿದಿರಬೇಕು. 8-9 ಗ್ರಾಂ ಇಳಿದಿದ್ದರೆ ಅರ್ಧ ಅಳತೆ. 4 ಗ್ರಾಂ ಎಂದರೆ ಕಾಲು ಭಾಗ. ಟ್ಯೂಬಿನ ಮೇಲೆ 50 ಇದ್ದರೂ ಒಂದೇ, 30 ಇದ್ದರೂ ಒಂದೇ. ಮನೆಮಂದಿಯೆಲ್ಲ ಒಂದೇ ಟ್ಯೂಬ್ ಹಿಂಡುತ್ತಿದ್ದರೆ ಈ ಲೆಕ್ಕ ನಡೆಯದು. ಅಂಥವರು ಒಬ್ಬರಿಗೊಂದು ಟ್ಯೂಬ್ ಇಟ್ಟುಕೊಂಡೇ ಪರೀಕ್ಷಿಸಬೇಕು.

ಖರ್ಚಿನ ಮಾತು ಬಾರದೆ ಇರದು. ಮುಖ-ಕುತ್ತಿಗೆಗೆ 50 ಗ್ರಾಂ ಟ್ಯೂಬ್ 20 ದಿನಕ್ಕೆ ಮುಗಿಯುತ್ತದೆ. ಎರಡೂ ತೋಳು ಸೇರಿದರೆ ವಾರವೂ ಬಾರದು. ಆದ್ದರಿಂದ ತೋಳಿಗೆ ಬಟ್ಟೆಯೇ ಲೇಸು. ದ್ವಿಚಕ್ರ ಸವಾರರ ತೋಳುಚೀಲ, ಹೊಲದಲ್ಲಿ ದುಡಿಯುವವರ ತುಂಬುತೋಳಿನ ಅಂಗಿ, ತಲೆಗೆ ಸುತ್ತಿದ ವಲ್ಲಿ, ಇವಕ್ಕೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವ ಗೋಜಿಲ್ಲ. ಬಟ್ಟೆ ಮುಚ್ಚಲಾಗದ ಮುಖ, ಕಿವಿ, ಕತ್ತು, ಕೈಯ ಹಿಂಬದಿಗೆ ಸನ್‌ಸ್ಕ್ರೀನ್ ಉಳಿಸಿಕೊಳ್ಳಿ. ದುಬಾರಿ ಟ್ಯೂಬನ್ನು ಜಿಪುಣತನದಿಂದ ಹಚ್ಚುವುದಕ್ಕಿಂತ ಅಗ್ಗದ್ದನ್ನು ಧಾರಾಳವಾಗಿ ಹಚ್ಚುವುದು ಎಷ್ಟೋ ವಾಸಿ.

ಹಚ್ಚುವ ಕ್ರಮ

ಮುಖ ತೊಳೆದು ಒತ್ತಿ ಒರೆಸಿ. ಮಾಯಿಶ್ಚರೈಸರ್ ಅಥವಾ ವೈದ್ಯರು ಕೊಟ್ಟ ಕ್ರೀಮ್ ಇದ್ದರೆ ಮೊದಲು ಅದು, ನಂತರ ಐದು-ಹತ್ತು ನಿಮಿಷ ಬಿಡುವು. ಎರಡನ್ನೂ ಅಂಗೈಯಲ್ಲಿ ಕಲಸಿ ಒಟ್ಟಿಗೆ ಹಚ್ಚಬೇಡಿ. ಸನ್‌ಸ್ಕ್ರೀನ್ ತೆಳುವಾಗಿ, ಅದರ ಪದರ ಅಲ್ಲಲ್ಲಿ ಒಡೆಯುತ್ತದೆ. ಅಳತೆಯ ಅರ್ಧವನ್ನು ಹಣೆ, ಮೂಗು, ಕೆನ್ನೆ, ಗಲ್ಲ, ಕಿವಿ, ಕುತ್ತಿಗೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಇಟ್ಟು ಹಗುರವಾಗಿ ಹರಡಿ. ಎರಡು ನಿಮಿಷ ಬಿಟ್ಟು ಉಳಿದರ್ಧ. ಒಮ್ಮೆಗೇ ಹಚ್ಚಿದಾಗ ತಪ್ಪಿಹೋಗುವ ಜಾಗಗಳು ಎರಡನೇ ಪದರದಲ್ಲಿ ಮುಚ್ಚಿಕೊಳ್ಳುತ್ತವೆ. ಸಾಮಾನ್ಯವಾಗಿ ಬಿಟ್ಟುಹೋಗುವುದು ಕಿವಿಯ ಅಂಚು, ಕಣ್ಣಿನ ಸುತ್ತ, ಹಣೆಯ ಕೂದಲಂಚು, ಕತ್ತಿನ ಹಿಂಭಾಗ, ಚಪ್ಪಲಿ ಹಾಕುವವರ ಪಾದದ ಮೇಲ್ಭಾಗ.

ಹೊರಡುವ 15-20 ನಿಮಿಷ ಮೊದಲು ಹಚ್ಚಿ. ಪದರ ಕೂರಲು ಅಷ್ಟು ಸಮಯ ಬೇಕು. ಬಯಲಲ್ಲಿ ಇರುವವರು ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡ ಮೇಲೆ, ಈಜಿದ ಮೇಲೆ ಮತ್ತೆ ಹಚ್ಚಬೇಕು. ಕಿಟಕಿಯಿಂದ ದೂರ ಕುಳಿತು ಕೆಲಸ ಮಾಡುವವರಿಗೆ ಈ ಎರಡು ಗಂಟೆಯ ನಿಯಮ ಬೇಕಿಲ್ಲ. ಮಧ್ಯಾಹ್ನ ಹೊರಬೀಳುವ ಮುನ್ನ ಒಮ್ಮೆ ಹಚ್ಚಿದರಾಯಿತು. ಕಿಟಕಿಯ ಪಕ್ಕದವರ ಮಾತು ಬೇರೆ. ಸಾಮಾನ್ಯ ಗಾಜು ಯುವಿಬಿಯನ್ನು ತಡೆದರೂ ಯುವಿಎಯನ್ನು ಒಳಗೆ ಬಿಡುತ್ತದೆ. ಕಾರಿನ ಮುಂದಿನ ಗಾಜು ಎರಡು ಪದರದ್ದು, ಅಷ್ಟಾಗಿ ಬಿಡದು; ಪಕ್ಕದ ಗಾಜು ಬಿಡುತ್ತದೆ. ದಿನವಿಡೀ ಟ್ಯಾಕ್ಸಿ ಓಡಿಸುವವರ ಬಲಗೆನ್ನೆ, ಬಲತೋಳಿಗೆ ಹೆಚ್ಚು ಕಿರಣ ಬೀಳುವುದು ಹೀಗೆ.

ಬಿಸಿಲಿನ ತೀವ್ರತೆಗೆ ಸುಲಭದ ಅಳತೆ ನಿಮ್ಮ ನೆರಳು. ಅದು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದರ್ಥ. ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ. ಬೆಂಗಳೂರಿನಲ್ಲಿ ಸರಾಸರಿ 12.20ಕ್ಕೆ, ಮಂಗಳೂರು-ಬೆಳಗಾವಿಯಲ್ಲಿ 12.30ರ ಹೊತ್ತಿಗೆ. ಬೆಂಗಳೂರಿಗೆ ಸೂರ್ಯ ನಡುನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ. ಆಗಸ್ಟ್ ತಂಪಾಗಿದೆ, ಮೋಡವಿದೆ ಎಂದು ಬಿಡುವವರೇ ಹೆಚ್ಚು. ಸೆಕೆಗೂ ಯುವಿಗೂ ಸಂಬಂಧವಿಲ್ಲ. ತೆಳು ಮೋಡದ ಮೂಲಕ ಶೇ 80ರವರೆಗೂ ಯುವಿ ಇಳಿಯಬಲ್ಲದು.

ಎಡವಟ್ಟುಗಳು

ಹಚ್ಚಿದ್ದು ಉಂಡೆ ಉಂಡೆಯಾಗಿ ಉದುರಿದರೆ ಕೆಳಗಿನ ಪದರ ಒಣಗಿಲ್ಲ, ಇಲ್ಲವೇ ಸೀರಮ್, ಕ್ರೀಮ್ ಎಂದು ಪದರಗಳು ಹೆಚ್ಚಾಗಿವೆ. ಕಣ್ಣು ಉರಿದರೆ ಬೆವರಿನ ಜೊತೆ ಕ್ರೀಮ್ ಇಳಿಯುತ್ತಿದೆ. ಹಣೆಗೆ ಮತ್ತು ಕಣ್ಣಿನ ಸುತ್ತ ಝಿಂಕ್ ಆಕ್ಸೈಡ್ ಇರುವುದನ್ನು ಬಳಸಿ. ಟ್ಯೂಬನ್ನು ಸ್ಕೂಟರಿನ ಡಿಕ್ಕಿಯಲ್ಲೋ ಕಾರಿನ ಡ್ಯಾಶ್‌ಬೋರ್ಡಿನಲ್ಲೋ ಬಿಟ್ಟರೆ ಕಾವಿಗೆ ನೀರು-ಎಣ್ಣೆ ಬೇರೆಯಾಗುತ್ತದೆ, ಅಂಥದ್ದನ್ನು ಬಿಸಾಡಿ.

ಬೋರ್‌ವೆಲ್ ನೀರಿನ ಮನೆಗಳ ವಿಶೇಷ ದೂರೊಂದಿದೆ: ಬಿಳಿ ಅಂಗಿಯ ಕಾಲರಿನಲ್ಲಿ ತುಕ್ಕಿನ ಬಣ್ಣದ ಕಲೆ. ಸನ್‌ಸ್ಕ್ರೀನಿನಲ್ಲಿರುವ ಆವೊಬೆನ್‌ಝೋನ್ ಎಂಬ ರಾಸಾಯನಿಕ ನೀರಿನ ಕಬ್ಬಿಣದೊಡನೆ ಸೇರಿ ಹೀಗಾಗುತ್ತದೆ. ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿ. ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿದ ನೀರಿನಲ್ಲಿ ನೆನೆಸಿಟ್ಟು ನಂತರ ಒಗೆಯಿರಿ.

ತುರಿಕೆ ಬಂದರೆ

ಹೊಸ ಟ್ಯೂಬನ್ನು ಮುಖಕ್ಕೆ ಹಚ್ಚುವ ಮೊದಲು ಮೊಣಕೈಯ ಒಳಬದಿಗೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಿ. ಮುಖವೆಲ್ಲ ಕೆಂಪೇರಿ ತುರಿಸತೊಡಗಿದಾಗ ತಪ್ಪು ಬಿಸಿಲಿನದೋ ಬೇರೆ ಯಾವುದರದೋ ಎಂದು ತಿಳಿಯಲು ಕನ್ನಡಿ ಹಿಡಿದು ಮೂರು ಜಾಗ ನೋಡಬೇಕು: ಮೇಲಿನ ಕಣ್ಣುರೆಪ್ಪೆ, ಕಿವಿಯ ಹಿಂದೆ, ಗದ್ದದ ಕೆಳಗೆ. ನೆರಳಿನಲ್ಲಿರುವ ಈ ಜಾಗಗಳನ್ನು ಬಿಸಿಲಿನ ಅಲರ್ಜಿ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಅಲ್ಲೂ ಇದ್ದರೆ, ಅದರಲ್ಲೂ ಹೊಲಗದ್ದೆಯ ಒಡನಾಟ ಇರುವವರಿಗೆ, ಅನುಮಾನ ಕಾಂಗ್ರೆಸ್ ಗಿಡದ ಮೇಲೆ. ಪಾರ್ಥೇನಿಯಂನ ಪುಡಿ ಗಾಳಿಯಲ್ಲಿ ತೇಲಿ ಬಂದು ಮಡಿಕೆಗಳಲ್ಲಿ ಕೂರುತ್ತದೆ. ಇದಕ್ಕೆ ಎಷ್ಟು ಸನ್‌ಸ್ಕ್ರೀನ್ ಬಳಿದರೂ ಫಲವಿಲ್ಲ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್ ಮಾತ್ರೆಗಳೂ ಬಿಸಿಲಿಗೆ ಚರ್ಮವನ್ನು ಸೂಕ್ಷ್ಮ ಮಾಡುತ್ತವೆ. ಅಂಗಡಿಯವರು ಕೊಟ್ಟ ಸ್ಟಿರಾಯ್ಡ್ ಬೆರೆತ ಬಿಳುಪಿನ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದವರಿಗೆ ಬಿಸಿಲು ತಾಗಿದರೆ ಸಾಕು, ಉರಿ.

ಗೊಂದಲ ಬಗೆಹರಿಯದಿದ್ದರೆ ಚರ್ಮರೋಗ ವಿಭಾಗದಲ್ಲಿ ಫೋಟೋ ಪ್ಯಾಚ್ ಪರೀಕ್ಷೆ ಮಾಡುತ್ತಾರೆ. ಅನುಮಾನವಿರುವ ವಸ್ತುಗಳನ್ನು ಹಚ್ಚಿದ ಒಂದೇ ಬಗೆಯ ಪಟ್ಟಿಗಳನ್ನು ಬೆನ್ನಿಗೆ ಎರಡು ಸಾಲು ಅಂಟಿಸಿ, ಒಂದೆರಡು ದಿನದ ಮೇಲೆ ತೆಗೆದು, ಒಂದು ಸಾಲಿಗೆ ಮಾತ್ರ ಯುವಿಎ ಕಿರಣ ಕೊಡುತ್ತಾರೆ. ವಾಡಿಕೆಯ ಪ್ರಮಾಣ ಚದರ ಸೆಂಟಿಮೀಟರ್‌ಗೆ 5 ಜೂಲ್. ಮತ್ತೆ ಎರಡು ದಿನ ಬಿಟ್ಟು ನೋಡುತ್ತಾರೆ. ಎರಡೂ ಸಾಲು ಕೆಂಪಾಗಿದ್ದರೆ ವಸ್ತುವಿನದೇ ಅಲರ್ಜಿ. ಕಿರಣ ಬಿದ್ದ ಸಾಲು ಮಾತ್ರ ಕೆಂಪಾಗಿದ್ದರೆ ವಸ್ತು ಮತ್ತು ಬಿಸಿಲು ಸೇರಿ ಮಾಡಿದ್ದು. ಕೀಟೋಪ್ರೊಫೆನ್ ಇರುವ ನೋವಿನ ಜೆಲ್‌ಗೆ ಹಿಂದೆ ಹೀಗಾಗಿದ್ದರೆ ಮೊದಲೇ ಹೇಳಿ. ಅಂಥವರಿಗೆ ಸನ್‌ಸ್ಕ್ರೀನಿನಲ್ಲಿರುವ ಆಕ್ಟೋಕ್ರಿಲೀನ್ ಎಂಬ ರಾಸಾಯನಿಕ ಕೂಡ ಆಗದಿರುವುದುಂಟು.

ಪರೀಕ್ಷೆಗೆ ಹೋಗುವಾಗ ಬಳಸುತ್ತಿರುವ ಎಲ್ಲ ಟ್ಯೂಬು, ಎಣ್ಣೆ, ಮಾತ್ರೆಗಳನ್ನು ಡಬ್ಬಿ ಸಮೇತ ಒಯ್ಯಿರಿ. ಹಿಂದಿನ ಒಂದು ವಾರ ಬೆನ್ನಿಗೆ ಸ್ಟಿರಾಯ್ಡ್ ಮುಲಾಮು ಬೇಡ, ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ. ಪಟ್ಟಿ ಇರುವಷ್ಟು ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ, ಬೆವರುವ ಕೆಲಸವೂ ಬೇಡ. ಹಾಗಾಗಿ ಸುಗ್ಗಿ, ಮದುವೆ, ಪ್ರಯಾಣ ಇಲ್ಲದ ವಾರ ನೋಡಿ ದಿನ ಗೊತ್ತುಮಾಡಿಕೊಳ್ಳಿ.